ಜೇನು ಹೆಚ್ಚಾದ ಕೆಂಪು

ಇನ್ನೂ ಕರಕರ ಅನ್ನುತ್ತಿದೆ, ಗಾಜಿನ ಮೇಲೆ ಅರೆಯುವ ಕಲ್ಲು ತಿರುಗುವಾಗ ಈ ಸದ್ದು ಪೂರ್ತಿ ಅಡಗಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಮರಳು ಉಳಿಯುತ್ತದೆ — ನೀರಿನಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸಿ, ತಾರಸಿಯಲ್ಲಿ ಒಣಗಿಸಿದ ಮಣ್ಣು, ಅಮೃತಹಳ್ಳಿಯಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುವಲ್ಲಿ ಸಿಕ್ಕಿದ್ದು, ಜೆಸಿಬಿಯ ಜಗನ್ ಯಂತ್ರ ನಿಲ್ಲಿಸಿ ಇಳಿದು ಬಂದ, ಗಿಡಕ್ಕಾ ಅಜ್ಜಿ, ಅಲ್ಲಪ್ಪಾ ಬಣ್ಣಕ್ಕ, ಬಣ್ಣಕ್ಕಾ! ನಗುತ್ತಲೇ ಚೀಲ ತುಂಬಿ ಆಟೋವರೆಗೂ ತಾನೇ ಹೊತ್ತ. ಮಣ್ಣು ಕಾಗದಕ್ಕೆ ಹಿಡಿಯಲು ಜಾಲಿ ಅಂಟು ನೆನೆದಿದೆ, ಜಕ್ಕೂರು ಕೆರೆ ಏರಿಯ ಮರದ್ದು. ಅಂಗಡಿಯ ಬಣ್ಣ ಪಕ್ಕದ ಮನೆಯ ಮುನಿಕೆಂಪಮ್ಮನಿಗೆ ಆಗದು, ವಾಸ್ನೆ ಕಣ್ರಮ್ಮ, ಆಸ್ಪತ್ರೆ ವಾಸ್ನೆ — ಶುಕ್ರವಾರ ತಪ್ಪದೆ ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುತ್ತಿದ್ದ ಆ ಬಲಗೈ, ಪಾರ್ಶ್ವವಾಯು ಬಡಿದ ಮೇಲೆ ಮಡಿಲಲ್ಲಿ ಯಾರೋ ಮರೆತು ಹೋದ ಕೈಚೀಲದ ಹಾಗೆ ಬಿದ್ದಿರುತ್ತದೆ, ಬೆರಳು ಆಡಿಸದಿದ್ದರೆ ಹೀಗೇ ಸೆಟೆದುಹೋಗುತ್ತದೆ ಎಂದಿದ್ದಾರೆ ಡಾಕ್ಟರು, ರಬ್ಬರ್ ಚೆಂಡು ಕೊಟ್ಟರೆ ಎಡಗೈಯಲ್ಲಿ ತೆಗೆದು ಎಸೆಯುತ್ತಾಳೆ, ನಾನೇನ್ ಕೂಸಾ. ಕೆಮ್ಮಣ್ಣಾದರೆ ಮುಟ್ಟಿಯಾಳು, ಬೆರಳಲ್ಲಿ ಕಾಗದಕ್ಕೆ ಬಳಿದಾಳು ಅಂದುಕೊಂಡೆ. ಮೊನ್ನೆ ಒಯ್ದ ಮೊದಲ ಬಣ್ಣ ಒಣಗಲೇ ಇಲ್ಲ, ಬಿರುಕು ಬಿಡದಿರಲೆಂದು ಹಾಕುವ ಜೇನು ಒಂದು ಹನಿ ಸಾಕಿತ್ತು, ನಾನು ಚಮಚ ತುಂಬ ಹಾಕಿದ್ದೆ, ಧಾರವಾಡದ ಕೈ, ಏನು ಬಡಿಸಿದರೂ ಹೆಚ್ಚೇ — ಏನ್ರಮ್ಮ ದಾಕ್ಷಾಯಣಮ್ಮ, ಬಣ್ಣ ಅಂದ್ಬುಟ್ಟು ಬೆಲ್ಲದ್ ಪಾಕ ತಂದೀರಾ, ರೊಟ್ಟೀನೂ ತರ್ಬೇಕಿತ್ತು. ಅಷ್ಟರಲ್ಲಿ ಬಟ್ಟಲ ಸುತ್ತ ಇರುವೆ, ಆಕೆಯ ಸೊಸೆ ಧನಲಕ್ಷ್ಮಿ ಒರೆಸಲು ಬಟ್ಟೆ ತಂದಳು, ತಡಿಯೇ, ಒಂದ್ ಸಿಕ್ಕಾಕೊಂಡೈತೆ, ಕೆಂಪಮ್ಮನ ಎಡಗೈಯಲ್ಲಿ ಕಾಫಿ ಲೋಟ, ಮತ್ತೆ — ಬಲಗೈಯ ತೋರುಬೆರಳು, ನಡುಗುತ್ತ, ತಾನಾಗಿ ಚಾಚಿ ಬಟ್ಟಲಿಗೆ ಇಳಿಯಿತು, ಬಾ ಮರಿ, ಹತ್ತು ಮ್ಯಾಕೆ, ಇರುವೆ ಹತ್ತಿಕೊಂಡಿತು. ಆಕೆಗೆ ಗೊತ್ತೇ ಆಗಲಿಲ್ಲ, ಧನಲಕ್ಷ್ಮಿ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಆ ಬೆರಳು ಮತ್ತೆ ಆಡಿಲ್ಲ, ಕರೆದರೂ, ಬೇಡಿದರೂ. ಈ ಸಲ ಜೇನ್ ಕಮ್ಮಿ ಹಾಕಿ ಆಂಟಿ, ಬೆಳಿಗ್ಗೆ ಧನಲಕ್ಷ್ಮಿ ಹೇಳಿದ್ದು ಸರಿಯೇ, ಬಣ್ಣ ಒಣಗಬೇಕು, ಕಾಗದಕ್ಕೆ ಕೂರಬೇಕು. ಕರಕರ ನಿಂತಿದೆ, ಮಣ್ಣು ಬೆಣ್ಣೆಯಾಗಿದೆ, ಅಂಟು ಬಿದ್ದಾಯಿತು, ಇನ್ನು ಜೇನು, ಬಾಟಲಿ ಬಗ್ಗಿಸುತ್ತೇನೆ, ಒಂದು ಹನಿ, ಸಾಕು, ಇಷ್ಟೇ ಅಳತೆ — ಕೆಂಪು ಮೆತ್ತಿದ ಬೆರಳ ತುದಿ, ಅದರ ಮೇಲೆ ಇರುವೆ — ಸಾಕು ಅಂದೆನಲ್ಲ, ಇನ್ನೂ ಸುರಿಯುತ್ತಿದೆ, ಸುರಿಯಲಿ, ಇರುವೆ ಬರಲಿ — ಬೆರಳ ತುದಿ, ಇರುವೆ, ನಿಧಾನಕ್ಕೆ ಮೀಸೆ ಒರೆಸಿಕೊಳ್ಳುತ್ತ