ಹಸುವಿನ ಪಾಲಿನ ಗಂಜಿ

"ಬಾ ಅಕ್ಕ, ನೋಡು! ಮುಖ ಕಾಣುತ್ತೆ." ಚೆನ್ನಿಯಪ್ಪನ್ ನೀರಿನ ಚೊಂಬನ್ನು ಬಗ್ಗಿಸಿ ತೋರಿಸಿದ.

ನೀರೇನೋ ತಿಳಿಯಾಗಿತ್ತು. ಮೊನ್ನೆಯವರೆಗೂ ಅವನು ನೂಲಿಗೆ ಬಣ್ಣ ಹಾಕುವ ಚಪ್ಪರದಿಂದ ಕಾಚಿನ ಕೆಂಪು, ಮೈಲುತುತ್ತದ ಹಸಿರು ಎಲ್ಲ ಕಾಲುವೆಗಿಳಿದು ರಾಮಲಿಂಗಂ ಗೌಂಡರ ಹೊಲ ಸೇರುತ್ತಿತ್ತು. ಇನ್ನೊಂದು ಸಲ ಬಣ್ಣದ ನೀರು ಬಂದರೆ ಬಾನಿಗಳನ್ನೇ ಒಡೆಸುತ್ತೇನೆಂದು ಗೌಂಡರು ಕೂಗಾಡಿ ಹೋಗಿದ್ದರು.

ಚೆನ್ನಿಯಪ್ಪನ್ ಹಿತ್ತಲಲ್ಲಿ ಗುಂಡಿ ತೋಡಿ, ಆ ನೀರನ್ನು ಅದಕ್ಕೆ ತಿರುಗಿಸಿ ಸುಣ್ಣ ಹಾಕಿದ್ದ. ಬಣ್ಣ ಅರ್ಧ ಇಳಿಯಿತು, ಅರ್ಧ ತೇಲಾಡಿತು. ಮಗ್ಗದ ಹಾಸುನೂಲಿಗೆ ಬಳಿದು ಮಿಕ್ಕಿದ್ದ ಗಂಜಿಯನ್ನೂ ಸುರಿದ. ಅದು ಬಣ್ಣವನ್ನು ಅಪ್ಪಿಕೊಂಡು ತಳ ಸೇರಿತು. ಎಂಥ ತಲೆ! ಅವನಿಗೇ ಅವನ ಮೇಲೆ ಪ್ರೀತಿ ಬಂದುಬಿಟ್ಟಿತು.

ಆದರೆ ನೆಗಮದ ನೇಕಾರರ ಬೀದಿಯಲ್ಲಿ ಮಿಕ್ಕ ಗಂಜಿ ಹಸುವಿನ ಪಾಲು. ಅವನ ಮನೆಯದು ವಿಧವೆ ಅಕ್ಕ ಬೆಳ್ಳಿಯಮ್ಮನ ಹಸುವಿಗೆ. ಅವಳ ಮಗಳು ಹೆರಿಗೆಯಲ್ಲಿ ತೀರಿಹೋದ ಮೇಲೆ ಐದು ತಿಂಗಳ ಮೊಮ್ಮಗಳು ಬದುಕಿದ್ದುದೇ ಆ ಹಸುವಿನ ಹಾಲಲ್ಲಿ.

"ಹಸೂಗೆ ಗಂಜಿ ಎಲ್ಲೋ, ತಂಬಿ?"

"ನಾಲ್ಕು ದಿನ ಹುಲ್ಲು ಹಾಕಕ್ಕ. ಚಪ್ಪರ ಮುಚ್ಚಿದ್ರೆ ನಾವೆಲ್ಲ ಮಣ್ಣು ತಿನ್ಬೇಕು."

ನಾಲ್ಕನೆಯ ದಿನ ಮೇಲಿನ ತಿಳಿನೀರನ್ನು ಕಾಲುವೆಗೆ ಬಿಟ್ಟ. ಗೌಂಡರೇ ಬಂದು ನೋಡಿ, "ಪರವಾಯಿಲ್ಲೆ" ಎಂದರು. ಚೆನ್ನಿಯಪ್ಪನ್ ಉಬ್ಬಿಹೋಗಿ ಅವರನ್ನು ಬೀದಿಯ ಕೊನೆಯವರೆಗೂ ಬಿಟ್ಟುಬಂದ.

ಹಸುವಿಗೆ ಯಾರು ಹೇಳಬೇಕು? ದಿನಾ ಗಂಜಿ ಕುಡಿಯುವ ಹೊತ್ತಿಗೆ ಸರಿಯಾಗಿ ಹಗ್ಗ ಕಿತ್ತುಕೊಂಡು ಬಂದು, ಹುಳಿಗಂಜಿಯ ವಾಸನೆ ಹಿಡಿದು ಗುಂಡಿಗೆ ಬಾಯಿಟ್ಟಿತು. ಅವನು ವಾಪಸ್ಸು ಬರುವಷ್ಟರಲ್ಲಿ ಮೂತಿಯೆಲ್ಲ ಹಸಿರು ಕೆಸರು. ಸಂಜೆಗೆ ಮಲಗಿದ್ದು ಬೆಳಗ್ಗೆ ಏಳಲಿಲ್ಲ.

ಹಸುವಿಗೆ ತೋಡಿದ ಕುಳಿಯ ಪಕ್ಕ ನಿಂತು ಚೆನ್ನಿಯಪ್ಪನ್ ಮಗುವಿನ ಹಾಗೆ ಅತ್ತ. ಗುಂಡಿಯ ಕೆಸರನ್ನು ಬಾಚಿ ಬುಟ್ಟಿಗಳಿಗೆ ತುಂಬಿದ್ದ. ಹೊಲಕ್ಕೆ ಹಾಕುವಂತಿಲ್ಲ, ಬಾವಿಯ ಹತ್ತಿರ ಹಾಕುವಂತಿಲ್ಲ.

"ಇದನ್ನ ಎಲ್ಲಿ ಹಾಕ್ಲಿ ಅಕ್ಕ?"

"ಅದರ ಜೊತೇಲೇ ಹಾಕು. ಅದರ ಹೊಟ್ಟೆ ತುಂಬ ಅದೇ ಇದೆ."

ಬುಟ್ಟಿಗಳನ್ನು ಸುರಿದು ಮಣ್ಣು ಮುಚ್ಚಿದ. ಕೈ ತೊಳೆದು ಹಿತ್ತಲಿಗೆ ಬಂದಾಗ ಅವನ ಹೆಂಡತಿ ಸಾಂತಿ ಹೊಸ ಬಣ್ಣದ ನೀರಿಗೆ ಸುರಿಯಲೆಂದು ಅವತ್ತಿನ ಗಂಜಿಯ ಕೊಡವನ್ನು ಗುಂಡಿಯ ಬಾಯಿಗೆ ತಂದಿಟ್ಟಿದ್ದಳು. ಹಿಂದೆಯೇ ಬೆಳ್ಳಿಯಮ್ಮ ಬಂದಳು. ಸೊಂಟದಲ್ಲಿ ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು.

"ಎಲ್ಲಾನೂ ಸುರೀಬೇಡ, ತಂಬಿ," ಎಂದು ಚೊಂಬು ಚಾಚಿದಳು. "ಇವಳಿಗೆ ಒಂದಿಷ್ಟು ಬೇಕು."

ಚೊಂಬಿನ ಅಂಚಿಗೆ ನಿನ್ನೆಯ ಹಾಲಿನ ಕೆನೆ ಒಣಗಿ ಅಂಟಿತ್ತು.