ಹೊಲದಲ್ಲಿ ಸುಣ್ಣದ ಶಿಲುಬೆ

ಅಪ್ಪನ ಶವಪೆಟ್ಟಿಗೆಯ ಕೆಳಗೆ ಸುಣ್ಣದಲ್ಲಿ ಶಿಲುಬೆ ಬರೆಯುತ್ತಿದ್ದ ಹಸಿಂತಾ ಅರ್ಧಕ್ಕೇ ಕೈ ತಡೆದಳು. ಪಕ್ಕದ ಮನೆಯ ಚೋನಾ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. ಇವರ ಕತ್ತಾಳೆ ಹೊಲದ ಮೂಲೆಗೆ ಅಗೆಯುವ ಯಂತ್ರ ಬಂದಿದೆಯಂತೆ.

"ನಾವೆಲ್ಲ ಸ್ಮಶಾನಕ್ಕೆ ಹೋಗೋ ಹೊತ್ತೇ ನೋಡ್ಕೊಂಡಿದಾರೆ ಕಣೇ. ಸಾವಿನ ಮನೇಗೂ ಕನ್ನ."

ಗೋದಾಮು ಕಟ್ಟುವ ಕಂಪನಿಯವರು ಆರು ವರ್ಷದಿಂದ ಆ ಹೊಲದ ಮೇಲೆ ಕಣ್ಣಿಟ್ಟು, ಅದು ತಮ್ಮದೆಂದು ಯಾವುದೋ ಕಾಗದವನ್ನೂ ಹುಟ್ಟಿಸಿಕೊಂಡಿದ್ದರು. ಮಣ್ಣಡಿ ಹೂತುಹೋದ ಪುರಾತನ ನಗರ ಬೇಲಿಯಾಚೆಗೇ ಮುಗಿಯಿತು, ಈಚೆಗೆ ಏನೂ ಇಲ್ಲ, ಅಗೆಯಲು ಅಡ್ಡಿಯಿಲ್ಲ ಎಂಬುದು ಅವರ ವಾದ. ಹಸಿಂತಾಳ ಅಪ್ಪ ಕ್ರೆಸೆನ್ಸಿಯೊ ಆಗೆಲ್ಲ ಗೋಡೆಗೆ ತೂಗುಹಾಕಿದ್ದ ವಿಮಾನದಿಂದ ತೆಗೆದ ಹೊಲದ ಫೋಟೊ ತೋರಿಸುತ್ತಿದ್ದ. ಅದರಲ್ಲಿ ಕತ್ತಾಳೆ ಸಾಲುಗಳಡಿ ಒಂದು ಕಪ್ಪು ಗೆರೆ ನೇರ ಹಾಯ್ದಿತ್ತು. ಅದು ಮಣ್ಣೊಳಗಿನ ಗೋಡೆ. ನೆಲದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಅಗೆದರೆ ಸಂಜೆಯೊಳಗೆ ಇರುವುದೂ ಇಲ್ಲ.

*

ಆ ಫೋಟೊ ತೆಗೆದ ವರ್ಷ ಕ್ರೆಸೆನ್ಸಿಯೊನಿಗೆ ಇಪ್ಪತ್ತು. ತಿಯೊತಿವಾಕಾನ್ ನಗರವನ್ನು ಆಕಾಶದಿಂದ ಅಳೆಯಲು ಬಂದ ಸಾಹೇಬರು ಅವನಿಗೆ ಸುಣ್ಣದ ಮೂಟೆ ಕೊಟ್ಟು, ಮೇಲಿನಿಂದ ಗುರುತು ಸಿಗುವಂತೆ ಹೊಲಹೊಲದಲ್ಲೂ ದೊಡ್ಡ ಶಿಲುಬೆ ಹಾಕು ಎಂದರು. ಹಾಕಿದ. ಮಾರನೆಯ ಬೆಳಿಗ್ಗೆ ನೋಡಿದರೆ ಒಂದೊಂದು ಶಿಲುಬೆಗೂ ಹೂವು, ಮೇಣದಬತ್ತಿ. ಸುಣ್ಣದ ಶಿಲುಬೆ ಎಂದರೆ ನಮ್ಮಲ್ಲಿ ಸಾವು. ಒಂಬತ್ತನೆಯ ದಿನ ಪ್ರಾರ್ಥನೆ ಮಾಡಿ ಆ ಸುಣ್ಣವನ್ನು ಗುಡಿಸಿ ಎತ್ತುವವರೆಗೆ ಅದನ್ನು ತುಳಿಯುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಇಲ್ಲಿ ಸತ್ತಿದ್ದು ಯಾರಪ್ಪಾ ಎಂದು ಹೆಂಗಸರು ಕೇಳಿದರು.

"ಒಂದು ಊರು," ಎಂದನಂತೆ ಕ್ರೆಸೆನ್ಸಿಯೊ.

ಫೋಟೊದಲ್ಲಿ ಕಂಡ ಹೂರಾಶಿಗಳನ್ನು ಸಾಹೇಬರು ಪುರಾತನ ಕಂಬಗಳ ಬುಡವೆಂದು ನಕ್ಷೆಗೆ ಏರಿಸಿಬಿಟ್ಟರು. ಓದು ಬಾರದ ಅವನೇ ಹೇಳಿ ಅಳಿಸಬೇಕಾಯಿತು. ಆಮೇಲೆ ಅವನನ್ನು ಕೇಳದೆ ಅವರು ಒಂದು ಗೆರೆಯನ್ನೂ ಎಳೆಯಲಿಲ್ಲ.

*

ಹಸಿಂತಾ ಸುಣ್ಣದ ಮೂಟೆ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೊರಟಳು. ಶಿಲುಬೆ ಹೆಣದ ಕೆಳಗಿರಬೇಕು, ಹೊಲದಲ್ಲಲ್ಲ ಎಂದು ಅಂತ್ಯಕ್ರಿಯೆಗೆ ಬಂದಿದ್ದ ಪಾದ್ರಿಗಳು ತಡೆದರು.

"ಹಾಗಾದ್ರೆ ಹೆಣಾನೇ ಹೊಲಕ್ಕೆ ತರ್ತೀವಿ, ಸ್ವಾಮಿ."

ತಂದರು. ಕಪ್ಪು ಗೆರೆ ಇದ್ದಲ್ಲಿ ಅವಳು ಇಪ್ಪತ್ತು ಹೆಜ್ಜೆ ಉದ್ದದ ಶಿಲುಬೆ ಎಳೆದಳು. ನಡುವೆ ಎರಡು ಕುರ್ಚಿಯಿಟ್ಟು ಪೆಟ್ಟಿಗೆ ಇರಿಸಿದರು. ಹೆಂಗಸರು ಹೂವು ಸುರಿದರು. ಅಪ್ಪ ಹೋದಾಗಿನಿಂದ ಅಳದಿದ್ದ ಹಸಿಂತಾ ಈಗ ಅತ್ತಳು, ಸಿಟ್ಟಿಗೆ.

ಕಂಪನಿಯ ಮೇಸ್ತ್ರಿ, ಒಂಬತ್ತು ದಿನ ತಾನೆ, ಕಾಯ್ತೀವಿ ಎಂದು ಗೊಣಗಿದ.

"ಕಾಯಿ," ಎಂದಳು ಅವಳು ಮೂಟೆ ತಟ್ಟಿ. "ಸುಣ್ಣ ಇನ್ನೂ ಇದೆ."

ಯಂತ್ರದ ಚಾಲಕ ಫಿದೆನ್ಸಿಯೊ ಪಕ್ಕದೂರಿನವನು. ಅವನು ಶಿಲುಬೆ ನೋಡಿದ, ಎಂಜಿನ್ ಆರಿಸಿದ, ಟೋಪಿ ತೆಗೆದು ಕೆಳಗಿಳಿದ. ಪೆಟ್ಟಿಗೆ ಎತ್ತುವಾಗ ಯಾರೂ ಕರೆಯದೆ ಬಂದು ಹೆಗಲು ಕೊಟ್ಟ. ಸ್ಮಶಾನದವರೆಗೂ ಯಂತ್ರದ ಕೀಲಿಕೈ ಅವನ ಜೇಬಿನಲ್ಲಿ ಕಿಣಿಕಿಣಿ ಎನ್ನುತ್ತಲೇ ಇತ್ತು.