ಬೆನ್ನು ಸವರಬ್ಯಾಡ್ರಿ

ನಮ್ಮ ಕಡೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳುವವಳು ಸೋದರತ್ತೆ. ಅವಳು ಊದುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಎಷ್ಟು ಗುದ್ದು ಬಿದ್ದರೆ ಅಷ್ಟು ಗತ್ತು. ನನ್ನ ಗಂಡನ ಅಕ್ಕ ದಾಕ್ಷಾಯಿಣಿ ಈ ಗುದ್ದಿಗಾಗಿ ನಮ್ಮ ಮದುವೆಯಾದಾಗಿನಿಂದ ಕಾದಿದ್ದಳು.

ಮೂರು ತಿಂಗಳ ಮಗನನ್ನು ಎತ್ತಿಕೊಂಡು ನಾನು ತವರಿನಿಂದ ಉಣಕಲ್ಲಿನ ಮನೆಗೆ ಬಂದೆ. ಹೆಸರಿಡುವ ತೊಟ್ಟಿಲ ಕಾರ್ಯದ ಹಿಂದಿನ ದಿನ ಅತ್ತೆ ಮುರಿಗೆವ್ವ ಫರ್ಮಾನು ಹೊರಡಿಸಿದರು.

“ದಾಕ್ಷಿಗೆ ಬ್ಯಾಡ. ಅಕಿ ಕಾಕಾನ ಮಗಳು ದುರ್ಗಾ ಊದಲಿ.”

ಕಾರಣ ಎಲ್ಲರಿಗೂ ಗೊತ್ತು. ದಾಕ್ಷಕ್ಕ ಗೋಕುಲ ರಸ್ತೆಯ ಐಸ್ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾಗ ಪೈಪು ಒಡೆದು ಅಮೋನಿಯಾ ಗ್ಯಾಸು ಸೋರಿತ್ತು. ಇಬ್ಬರು ಮನೆಗೆ ಬರಲೇ ಇಲ್ಲ. ಬಂದ ದಾಕ್ಷಕ್ಕನಿಗೆ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಫ್ಯಾಕ್ಟರಿ ಹೋಗಿ ಆ ಜಾಗದಲ್ಲಿ ಬೈಕಿನ ಶೋರೂಮು ಬಂತು, ಅವಳ ಎದೆಯ ಸುಯ್ ಸುಯ್ ಮಾತ್ರ ಹೋಗಲಿಲ್ಲ. ಅಂದಿನಿಂದ ನಮ್ಮಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ, ಅವಳನ್ನು ಅಂಗಳಕ್ಕೆ ಕಳಿಸದೆ ಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ. ಅದು ಸರಿಯೇ. ಆದರೆ ಎದ್ದರೆ ಕೂತರೆ ಬೆನ್ನು ಸವರಿ “ಕುಂದ್ರು ದಾಕ್ಷಿ, ಕುಂದ್ರು” ಎನ್ನುವ ಅತ್ತೆಯ ಜಪ ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿದಿತ್ತು.

ಮರುದಿನ ಬೆಳಿಗ್ಗೆ ಅರಿವೆ ಒಣಹಾಕಲು ಮಾಳಿಗೆ ಹತ್ತಿದೆ. ನೀರಿನ ಟಾಕಿಯ ಹಿಂದೆ ದಾಕ್ಷಕ್ಕ, ಉಸಿರಿನ ವ್ಯಾಯಾಮಕ್ಕೆಂದು ದವಾಖಾನೆಯವರು ಕೊಟ್ಟಿದ್ದ ಮೂರು ಚೆಂಡಿನ ಡಬ್ಬಿಯ ನಳಿಕೆ ಬಾಯಿಗಿಟ್ಟು ಉಸಿರೆಳೆಯುತ್ತಿದ್ದಳು. ಮೂರನೆಯ ಚೆಂಡೂ ಮೇಲೆದ್ದಿತು. ಡಬ್ಬಿ ಇಟ್ಟು, ಟಾಕಿಗೆ ಬಾಯಿ ಹಚ್ಚಿ “ಕುರ್ರ್” ಅಂದಳು.

“ಅಕ್ಕಾರ, ಟಾಕಿಗೆ ಏನ್ ಹೆಸರಿಟ್ರಿ?” ಎಂದೆ.

ಅವಳು ನಗಲಿಲ್ಲ. “ನೀ ಬಸರಂತ ತಿಳದ ದಿನದಿಂದ ಮಾಡಾಕತ್ತೇನಿ, ಶಾಂಭವಿ. ಅವ್ವಗ ಹೇಳಬ್ಯಾಡ, ಅಳತಾಳ.”

ನನಗೆ ಸಿಟ್ಟು ಬಂತು.

ಸಂಜೆ ಹೆಂಗಸರೆಲ್ಲ ತೊಟ್ಟಿಲ ಸುತ್ತ ನೆರೆದರು. ದುರ್ಗಾ ಸೆರಗು ಸಿಕ್ಕಿಸಿ ಬಗ್ಗುತ್ತಲೇ ನಾನು ಕೂಸನ್ನು ಎತ್ತಿಕೊಂಡುಬಿಟ್ಟೆ.

“ಇವನ ಸ್ವಂತ ಅತ್ತಿ ಅಲ್ಲಿ ಮೂಲ್ಯಾಗ ಕುಂತಾರ. ಅವರು ಬರೂತನಾ ಇವಗ ಹೆಸರಿಲ್ಲ.”

“ನನ್ನ ಬೆನ್ನು ಉಳೀತು ಬಿಡು” ಎಂದು ದುರ್ಗಾ ಖುಷಿಯಿಂದ ಸರಿದಳು.

ಅತ್ತೆ ಕಣ್ಣು ಅಗಲಿಸಿದರು. “ಅಕಿಗೆ ಏನರ ಆದ್ರ?”

“ಆದ್ರ ಉಸಿರಿನ ಪಂಪ್ ಐತಿ, ನಾವಿದ್ದೇವಿ. ಹಿಂಗ ಕುಂದ್ರಿಸಿ ಕುಂದ್ರಿಸಿ ಅವರಿಗೆ ಏನಾಗೇತಿ, ಅದನ್ನ ಕೇಳೀರೇನ್ರಿ?”

ದಾಕ್ಷಕ್ಕ ಬಂದಳು. ನಾನು ಕೂಸನ್ನು ಮತ್ತೆ ತೊಟ್ಟಿಲಲ್ಲಿಟ್ಟೆ. ಬಗ್ಗಿ “ಕು” ಎನ್ನುತ್ತಲೇ ಕೆಮ್ಮು ಹತ್ತಿತು. ಎತ್ತಿದ ಮುಷ್ಟಿಗಳೆಲ್ಲ ಅಲ್ಲೇ ನಿಂತವು. ಯಾರೋ ನೀರಿಗೆ ಓಡಿದರು, ಯಾರೋ ಬೆನ್ನಿಗೆ ಅಂಗೈ ಚಾಚಿದರು. ಅವಳು ಆ ಕೈ ತಳ್ಳಿದಳು.

“ಸವರಬ್ಯಾಡ್ರಿ. ಗುದ್ರಿ. ಗುದ್ದೂತನಾ ಹೆಸರು ಹೇಳಂಗಿಲ್ಲ.”

ಒಬ್ಬರೂ ಅಲುಗಲಿಲ್ಲ. ಆಗ ಅತ್ತೆ ಕಣ್ಣೊರೆಸಿಕೊಂಡು ಮುಂದೆ ಬಂದು ಮಗಳ ಬೆನ್ನಿಗೆ ಧಡ್ ಎಂದು ಒಂದು ಹಾಕಿದರು.

“ಕುರ್ರ್ರ್ರ್ರ್…”

ಉಸಿರು ಅರ್ಧಕ್ಕೆ ನಿಲ್ಲಲಿಲ್ಲ. ಬಿದ್ದವು ನೋಡಿ ಗುದ್ದು, ನಂದೂ ಸೇರಿ. “ಬಸವಪ್ರಭು” ಎಂದಳು ದಾಕ್ಷಕ್ಕ. ಅವನು ಬೆಚ್ಚಿ ಕಿರುಚಿದ, ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಆಮೇಲೆ ಅವಳು “ಬೆನ್ನು ನೋಯಾಕತ್ತೈತಿ” ಎಂದು ಬಂದವರಿಗೆಲ್ಲ ಹೇಳಿಕೊಂಡು ಬೀಗಿದಳು. ಅತ್ತೆ ಸವರಲು ಕೈ ಎತ್ತಿದವರು ಹಾಗೇ ಇಳಿಸಿ, ಗುಗ್ಗರಿಯ ಬುಟ್ಟಿಯನ್ನು ಅವಳ ಮುಂದೆ ಸರಿಸಿದರು.

“ಏಳು ದಾಕ್ಷಿ. ಮಂದಿಗೆ ಹಂಚು.”